ಕಾರಣ ಬೇಡದ ಪತ್ರ

ಶಹಾಪುರದ ತಹಶೀಲ್ ಕಚೇರಿ ಎದುರು ಸಾಲಾಗಿ ಕೂರುವ ಅರ್ಜಿ ಬರಹಗಾರರ ಪೈಕಿ ಅವರು ಎಲ್ಲರಿಗಿಂತ ಹಿರಿಯರು. ಪಹಣಿ ತಿದ್ದುಪಡಿ, ವಾರಸಾ, ಬೆಳೆ ಪರಿಹಾರ, ವೃದ್ಧಾಪ್ಯ ವೇತನ ಎಂದು ದಿನದ ಕಸುಬು ನಡೆಯುತ್ತದೆ. ಚುನಾವಣೆ ಹತ್ತಿರವಾದಾಗ ಮಾತ್ರ ಇನ್ನೊಂದು ಬಗೆಯ ಗಿರಾಕಿಗಳು ಬರುತ್ತಾರೆ, ಪಕ್ಷ ಬಿಡುವವರು. ಆಕೆ ಸುರಪುರದವಳು, ಯಾದಗಿರಿಯಲ್ಲಿ ಕೂತು ಜಿಲ್ಲೆಯ ಸುದ್ದಿ ಬರೆಯುವ ವರದಿಗಾರ್ತಿ. ಬೂತ್ ಮಟ್ಟದ ಕಾರ್ಯಕರ್ತನೊಬ್ಬನ ರಾಜೀನಾಮೆ ಪತ್ರದ ಜೆರಾಕ್ಸ್ ಹಿಡಿದು ಬಂದಿದ್ದಳು. ಅದರ ಭಾಷೆ ಆಕೆಗೆ ಸರಿಬಂದಿರಲಿಲ್ಲ.

ವರದಿಗಾರ್ತಿ: ಕಾಕಾ, ಇದು ನೀವೇ ಬರ್ದಿದ್ದಲ್ರಿ? "ಕಳೆದ 22 ವರ್ಷಗಳಿಂದ ಪಕ್ಷದ ಶಿಸ್ತಿನ ಸಿಪಾಯಿಯಾಗಿ ದುಡಿದಿದ್ದು, ಇತ್ತೀಚಿನ ದಿನಗಳಲ್ಲಿ ನಿಷ್ಠಾವಂತ ಕಾರ್ಯಕರ್ತರನ್ನು ಕಡೆಗಣಿಸಲಾಗುತ್ತಿರುವುದರಿಂದ ಮನನೊಂದು ಪ್ರಾಥಮಿಕ ಸದಸ್ಯತ್ವಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ." ಓದಿದ ಕೂಡ್ಲೇ ನಿಮ್ಮ ಕೈ ಅಂತ ಗೊತ್ತಾಯ್ತು.

ಹಿರಿಯರು: ಬರ್ದಿದ್ದು ನಾ. ನೊಂದಿದ್ದು ಅಂವ.

ವರದಿಗಾರ್ತಿ: ಕಡೆಗಣಿಸಿದವರು ಯಾರು?

ಹಿರಿಯರು: ಅದು ಪತ್ರದಾಗ ಇಲ್ಲವ್ವ.

ವರದಿಗಾರ್ತಿ: ಅದಕ್ಕೇ ಬಂದೀನಿ. ಅಂವ ನನ್ನ ಮುಂದ ಹೋಟೆಲ್‌ನ್ಯಾಗ ಕೂತು ಹೆಸರು ಹಿಡಿದು ಬೈದಾನ. ಟೇಬಲ್ ಗುದ್ದಿ ಗುದ್ದಿ ಬೈದಾನ. ಪತ್ರಕ್ಕ ಬರೋದ್ರಾಗ ಬೈಸ್ಕೊಂಡೋರೆಲ್ಲ ಎಲ್ಲಿ ಹೋದ್ರು? "ಕಡೆಗಣಿಸಲಾಗುತ್ತಿದೆ" ಅಂತ. ಮಳಿ ಬರ್ಲಾಕತ್ಯಾದ ಅಂದಂಗ. ನಮ್ಮ ಮನ್ಯಾಗ, ಬಜಾರ್‌ದಾಗ ಯಾರರ ಹಿಂಗ ಮಾತಾಡ್ತಾರೇನ್ರಿ?

ಹಿರಿಯರು: ಮೊದಲನೇ ಕರಡು ನೋಡಿಯೇನು? ತೋರಸ್ತೀನಿ ತಡಿ.

ಅವರು ರಟ್ಟಿನ ಫೈಲಿನಿಂದ ಗೆರೆ ಹಾಳೆಯೊಂದನ್ನು ತೆಗೆದರು. ಕಾರ್ಯಕರ್ತ ಸ್ವಂತ ಕೈಯಲ್ಲಿ ಬರೆದು ತಂದದ್ದು. ಹೆಸರಿರುವ ಕಡೆ ಬೆರಳು ಅಡ್ಡ ಇಟ್ಟುಕೊಂಡೇ ಓದಲು ಕೊಟ್ಟರು. "ನೀವೂ ನಿಮ್ಮ ಅಳಿಯನೂ ಕೂಡಿ ಟಿಕೆಟ್ ಮಾರಿಕೊಂಡಿರಿ" ಎಂಬ ಸಾಲಿನ ಮೇಲೆ ನೀಲಿ ಗೆರೆ ಎಳೆದು, ಪಕ್ಕದಲ್ಲಿ "ಟಿಕೆಟ್ ಹಂಚಿಕೆಯಲ್ಲಿ ಗೊಂದಲ ಉಂಟಾಗಿದೆ" ಎಂದು ತಿದ್ದಿತ್ತು. "ಬಾವುಟ ಕಟ್ಟುವಾಗ ನಾನು ಬೇಕು, ವೇದಿಕೆ ಮೇಲೆ ಕುರ್ಚಿ ಹಾಕುವಾಗ ನಾನು ಬೇಡ" ಎಂಬುದನ್ನು ಪೂರ್ತಿ ಹೊಡೆದು ಹಾಕಿತ್ತು. ಇಡೀ ಹಾಳೆಯಲ್ಲಿ ಅದಕ್ಕಿಂತ ಚೆಂದದ ಸಾಲು ಇನ್ನೊಂದಿರಲಿಲ್ಲ ಎಂದು ಪಕ್ಕದಲ್ಲಿ ಕೂತು ಕೇಳುತ್ತಿದ್ದ ನನ್ನ ಅನಿಸಿಕೆ.

ವರದಿಗಾರ್ತಿ: ಇಷ್ಟು ಚೆಂದ ಬರ್ದಿದ್ದು ಹೊಡೆದು ಹಾಕೀರಲ್ರಿ! "ಕುರ್ಚಿ ಹಾಕುವಾಗ ನಾನು ಬೇಡ." ಇದು ವಿರೋಧ. ನೀವು ಬರ್ದಿದ್ದು ಸುತ್ತೋಲೆ.

ಹಿರಿಯರು: ಅಳಿಯನ ಹೆಸರು ಬರ್ದ್ರ ನಾಳೆ ಮಾನನಷ್ಟದ ನೋಟಿಸ್ ಬರ್ತದ. ವಕೀಲರ ಫೀಸು ನೀ ಕೊಡ್ತೀಯೇನು? ಅಂವಗ ಎರಡು ಎಕರೆ ತೊಗರಿ ಬಿಟ್ರ ಬ್ಯಾರೆ ಏನಿಲ್ಲ. ಟಿಕೆಟ್ ಮಾರ್ಯಾರ ಅಂತ ಅಂವಗ ಗೊತ್ತು, ಊರಿಗೆ ಗೊತ್ತು, ಸಾಕ್ಷಿ ಯಾರ ಹತ್ರ ಅದ?

ವರದಿಗಾರ್ತಿ: ಕುರ್ಚಿ ಸಾಲಿಗೆ ಯಾವ ಸಾಕ್ಷಿ ಬೇಕಿತ್ತು?

ಹಿರಿಯರು: ಅದಕ್ಕ ಸಾಕ್ಷಿ ಬ್ಯಾಡ. ಆದ್ರ ಅದನ್ನ ಬರ್ದ್ರ ಓದಿದವರು ಏನಂತಾರ? ಕುರ್ಚಿ ಸಿಗಲಿಲ್ಲ ಅಂತ ಬಿಟ್ಟ ಅಂತಾರ. ಅಂವನ ಸಿಟ್ಟಿನ ತೂಕ ಅಲ್ಲಿಗೇ ಇಳೀತದ. "ಕಾರ್ಯಕರ್ತರನ್ನು" ಅಂತ ಬರ್ದ್ರ ಅಂವ ಒಬ್ಬ ಅಲ್ಲ, ಅಂವನ ಹಿಂದ ನೂರು ಮಂದಿ ನಿಂತಂಗ ಆಗ್ತದ.

ವರದಿಗಾರ್ತಿ: ನಿಂತಾರೇನು?

ಹಿರಿಯರು: ಒಂದೆಂಟು ಮಂದಿ ಇರಬಹುದು.

ವರದಿಗಾರ್ತಿ: ಅಂದ್ರ ಎಂಟನ್ನ ನೂರು ಮಾಡೋದು, ಬೈದವರನ್ನ ಮಾಯ ಮಾಡೋದು. ಇನ್ನೊಂದು ಕಾರಣ ನಾ ಹೇಳ್ಲೇನು? ಹೆಸರು ಬರ್ದ್ರ ವಾಪಸ್ ಹೋಗ್ಲಾಕ ಬರಂಗಿಲ್ಲ. ಹೆಸರಿಲ್ಲದ ಪತ್ರ ಅಂದ್ರ ಬಾಗಿಲು ಮುಂದ್ ಮಾಡಿ ಚಿಲಕ ಹಾಕದೇ ಬಂದಂಗ.

ಹಿರಿಯರು: ಅದರಾಗ ತಪ್ಪೇನದ? ಅಂವ ಅದೇ ಊರಾಗ ಇರ್ಬೇಕು, ಅವರ ಮನಿ ಲಗ್ನಕ್ಕ ಹೋಗ್ಬೇಕು. ನೀ ಬೆಂಗಳೂರಿನ ದೊಡ್ಡ ಮಂದಿ ಪತ್ರ ಓದಿ ಓದಿ ವಿರೋಧ ಅಂದ್ರ ಒಮ್ಮೆ ಒದರಿ ಹೋಗೋದು ಅಂತ ತಿಳ್ಕೊಂಡಿ. ಊರಾಗ ವಿರೋಧ ಮಾಡಿದವ ಮರುದಿನ ಮುಂಜಾನೆ ಅದೇ ಚಾದಂಗಡ್ಯಾಗ ಕೂಡ್ಬೇಕಾಗ್ತದವ್ವ.

ವರದಿಗಾರ್ತಿ: ದೊಡ್ಡ ಮಂದಿ ಪತ್ರದ ಮಾತೇ ಬರ್ಲಿ. ಅವರೇನು ಬೈದಾರ? ನನಗ ಕಂಡಂಗ ಶಾಸಕರ ಪತ್ರ ನಿಮ್ಮ ಬೂತ್ ಕಾರ್ಯಕರ್ತನ ಪತ್ರಕ್ಕಿಂತ ಸಪ್ಪಗ ಇರ್ತದ. "ನನ್ನ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ, ಅಂಗೀಕರಿಸಬೇಕು." ಮುಗೀತು. ಲಕ್ಷ ಮಂದಿ ಓಟು ಹಾಕಿ ಕಳಿಸಿದ ಸ್ಥಾನ ಬಿಡ್ಲಾಕ ಒಂದೇ ಸಾಲು.

ಹಿರಿಯರು: ಅದು ಅವರ ಕೈಯಾಗ ಇಲ್ಲ. ನಿಯಮ ಹಂಗದ. ಲೋಕಸಭಾದ ನಿಯಮ 240 ತಗೋ. ಪತ್ರದ ಒಕ್ಕಣಿನೇ ಕೊಟ್ಟಾರ, ಒಂದು ವಾಕ್ಯ. ಯಾರರ ಅದಕ್ಕ ಕಾರಣ ಸೇರಿಸಿದ್ರ, ಬ್ಯಾರೆ ವಿಷಯ ತುರುಕಿದ್ರ, ಸ್ಪೀಕರ್ ತಮ್ಮ ವಿವೇಚನೆ ಮ್ಯಾಲ ಆ ಶಬ್ದ ತೆಗೆದು ಹಾಕಬಹುದು. ಸದನದಾಗ ಓದಂಗಿಲ್ಲ. ನಮ್ಮ ವಿಧಾನಸಭಾಕ್ಕ ನಿಯಮ 202 ಅದ, ಅದರದೂ ಅದೇ ಧಾಟಿ.

ವರದಿಗಾರ್ತಿ: ಕಾರಣ ಬರ್ದ್ರೂ ಓದಂಗಿಲ್ಲ?

ಹಿರಿಯರು: ಓದಂಗಿಲ್ಲ. ಬಾಡಿಗಿ ಮನಿ ಬಿಡೋವ ಮಾಲಕಗ ಕೀಲಿ ಕೊಡ್ತಾನ. ಒಳಗ ಗಂಡ ಹೆಂಡ್ತಿ ಯಾಕ ಜಗಳಾಡಿದ್ರು ಅಂತ ಮಾಲಕಗ ಯಾಕ ಹೇಳ್ಬೇಕು?

ವರದಿಗಾರ್ತಿ: ಮನಿ ಮಾಲಕರು ಸ್ಪೀಕರ್ ಅಲ್ಲಲ್ರಿ ಕಾಕಾ. ಮಾಲಕರು ಸುರಪುರ, ಶಹಾಪುರದಾಗ ಸರದಿ ಹಚ್ಚಿ ಓಟು ಹಾಕಿದ ಮಂದಿ. ಕೀಲಿ ತಪ್ಪಿದ ಕೈಗೆ ಕೊಟ್ಟು ಹೋಗ್ಲಾಕತ್ಯಾರ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಾದರು. ಮಿರ್ಚಿ, ಮಂಡಾಳ ಒಗ್ಗರಣಿ ಬಂತು. ಮಾತು ಮತ್ತೆ ಶುರುವಾದದ್ದು ಬೇರೆ ಕಡೆಯಿಂದ.

ಹಿರಿಯರು: ರಾಜೀನಾಮೆ ಪತ್ರದಾಗ "ಸ್ವಇಚ್ಛೆಯಿಂದ" ಅಂತ ಯಾಕ ಬರೀತಾರ ಗೊತ್ತದೇನು? 1974ರಾಗ ಗುಜರಾತಿನ್ಯಾಗ ನವನಿರ್ಮಾಣ ಚಳವಳಿ ಆಯ್ತು. ಮಂದಿ ಶಾಸಕರಿಗೆ ಘೇರಾವ್ ಹಾಕಿ ರಾಜೀನಾಮೆ ಬರ್ಸಿಕೊಂಡ್ರು. ಅದೇ ವರ್ಷ ಸಂವಿಧಾನಕ್ಕ 33ನೇ ತಿದ್ದುಪಡಿ ಬಂತು. ರಾಜೀನಾಮೆ ಸ್ವಇಚ್ಛೆಯಿಂದ ಕೊಟ್ಟಿದ್ದೇ, ಖರೆ ಅದೇ ಅಂತ ಸ್ಪೀಕರ್ ವಿಚಾರ ಮಾಡಬಹುದು, ಅಲ್ಲ ಅನಿಸಿದ್ರ ಒಪ್ಪಬಾರದು ಅಂತ 190ನೇ ವಿಧಿಯಾಗ ಸೇರಿಸಿದ್ರು. ಅಲ್ಲಿಂದ ಮುಂದ "ಸ್ವಇಚ್ಛೆಯಿಂದ" ಅನ್ನೋದು ಎಲ್ಲ ಪತ್ರಕ್ಕೂ ಹತ್ಕೊಂಡು ಬಿಟ್ತು. ಮಂತ್ರಿ ಪತ್ರಕ್ಕೂ ಅದೇ, ಪಂಚಾಯಿತಿ ಪತ್ರಕ್ಕೂ ಅದೇ.

ವರದಿಗಾರ್ತಿ: ಬಲವಂತ ಆದಾಗ ಹುಟ್ಟಿದ ಮಾತು. ಈಗ ಬಲವಂತ ಇದ್ದಲ್ಲೇ ಜಾಸ್ತಿ ಕಾಣ್ತದ. ನಾನಂತೂ "ಸ್ವಇಚ್ಛೆಯಿಂದ" ಅಂತ ಓದಿದ ತಕ್ಷಣ ಯಾರು ಬರ್ಸಿದ್ರು ಅಂತ ಹುಡುಕ್ಲಾಕ ಶುರು ಮಾಡ್ತೀನಿ.

ಹಿರಿಯರು: ಅದು ನಿನ್ನ ಕಸುಬಿನ ಗುಣ. ಇನ್ನೊಂದು ಕೇಳು. 1985ರಾಗ ಪಕ್ಷಾಂತರ ಕಾಯ್ದೆ ಬಂತು, ಹತ್ತನೇ ಅನುಸೂಚಿ. ಶಾಸಕ ತಾನಾಗಿ ಪಕ್ಷದ ಸದಸ್ಯತ್ವ ಬಿಟ್ರ ಸ್ಥಾನಾನೇ ಹೋಗ್ತದ. ಬಿಟ್ಟೀನಿ ಅಂತ ಪತ್ರ ಬರೀಬೇಕಂತನೂ ಇಲ್ಲ, ನಡವಳಿಕಿ ಮ್ಯಾಲ ತೀರ್ಮಾನ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 1994ರಾಗ ಹೇಳ್ತು, ರವಿ ನಾಯಕ್ ಪ್ರಕರಣ. ಈಗ ನೀನೇ ಶಾಸಕಿ ಅಂತ ತಿಳ್ಕೊ. ಪಕ್ಷದ ಮ್ಯಾಲಿನ ಸಿಟ್ಟೆಲ್ಲ ಪತ್ರದಾಗ ಬರ್ದಿ ಅಂದ್ರ ನೀನೇ ಸಾಕ್ಷಿ ಬರ್ದು ಕೊಟ್ಟಂಗ. ಅನರ್ಹತೆ ಅರ್ಜಿಗೆ ಲಗತ್ತು ಅದೇ ಆಗ್ತದ.

ವರದಿಗಾರ್ತಿ: ಅದಕ್ಕೇ 2019ರ ಜುಲೈದಾಗ ಮುಂಬೈ ಹೋಟೆಲ್‌ನ್ಯಾಗ ಕೂತ ನಮ್ಮ ರಾಜ್ಯದ ಶಾಸಕರು ಬಾಯಿ ಮುಚ್ಕೊಂಡು ಪತ್ರ ಕೊಟ್ಟಿದ್ದು.

ಹಿರಿಯರು: ಅಷ್ಟು ಜೋಪಾನ ಮಾಡಿದ್ರೂ ನಮೂನೆ ತಪ್ಪಿತಲ್ಲ! ಹದಿಮೂರು ಪತ್ರದಾಗ ಎಂಟು ಕ್ರಮಬದ್ಧ ಇಲ್ಲ ಅಂತ ಸ್ಪೀಕರ್ ರಮೇಶ್ ಕುಮಾರ್ ಹೇಳಿದ್ರು. ಜುಲೈ 11ಕ್ಕ ಸುಪ್ರೀಂ ಕೋರ್ಟ್ ಹೇಳಿದ ಮ್ಯಾಲ ಸಂಜಿ ಆರರೊಳಗ ಮುಟ್ಬೇಕು ಅಂತ ವಿಮಾನ ಇಳಿದು ವಿಧಾನಸೌಧದಾಗ ಓಡ್ಕೋತ ಬಂದ್ರು. ಟಿವಿಯಾಗ ನೋಡಿದ್ಯೋ ಇಲ್ಲೋ? ಮತ್ತ ಬರ್ದು ಕೊಟ್ರು. ನಾ ಇಲ್ಲಿ ಕೂತು ನಗ್ಲಾಕತ್ತಿದ್ದೆ. ಒಂದು ಸಾಲು ಬರೀಲಾಕ ಇಷ್ಟು ಮಂದಿ ವಕೀಲರಿದ್ದೂ ಒಬ್ಬ ಅರ್ಜಿ ಬರಿಯೋವ ಇದ್ದಿಲ್ಲ.

ವರದಿಗಾರ್ತಿ: ನೀವು ನಗ್ರಿ. ಜುಲೈ 23ಕ್ಕ 99 ಓಟು, 105 ಓಟು, ಸರ್ಕಾರ ಬಿತ್ತು. ಒಂದು ಸರ್ಕಾರ ಬೀಳಿಸಿದ ಪತ್ರಗಳಾಗ ಒಂದು ಕಾರಣ ಇಲ್ಲ! ಮುಂದಿನ ಪೀಳಿಗಿ ಕಡತ ತೆಗೆದು ನೋಡಿದ್ರ ಏನ್ ಸಿಗ್ತದ? ಎಲ್ಲಾರೂ ಸ್ವಇಚ್ಛೆಯಿಂದ ಸ್ಥಾನ ಬಿಟ್ರು ಅಂತ. ಆ ವಾರದಾಗ ಅವರು ಕ್ಯಾಮೆರಾ ಮುಂದ ಏನೇನು ಹೇಳಿದ್ರು, ಅನುದಾನ ಕೊಡಲಿಲ್ಲ, ಭೇಟಿಗೆ ಸಮಯ ಕೊಡಲಿಲ್ಲ, ಅದೆಲ್ಲ ಗಾಳಿಗೆ ಹೋಯ್ತು.

ಹಿರಿಯರು: ಗಾಳಿಗೆ ಹೋಗಿದ್ರ 17 ಮಂದಿ ಅನರ್ಹ ಹ್ಯಾಂಗ ಆದ್ರು? ಪತ್ರ ಸುಮ್ಮನಿತ್ತು, ನಡವಳಿಕಿ ಮಾತಾಡ್ತು. ನವೆಂಬರ್ 13ಕ್ಕ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿ ಹಿಡೀತು, ವಿಧಾನಸಭಾದ ಅವಧಿ ಮುಗಿಯೋ ತನಕ ನಿಲ್ಲಬಾರದು ಅನ್ನೋದಷ್ಟು ತೆಗೀತು. ಡಿಸೆಂಬರ್‌ದಾಗ 15 ಕ್ಷೇತ್ರಕ್ಕ ಚುನಾವಣೆ ಆಯ್ತು, 12 ಬಿಜೆಪಿಗೆ ಹೋದ್ವು. ಕಾರಣ ಬರೀಲಿಲ್ಲ ಅಂತ ನೀ ಅಳ್ಲಾಕತ್ತಿ. ಮಂದಿಗೆ ಅದು ಬೇಕಾಗಿದ್ದಿಲ್ಲವ್ವ.

ವರದಿಗಾರ್ತಿ: ಮಸ್ಕಿ ಮರೀಬ್ಯಾಡ್ರಿ. ಜುಲೈದ ಕೋರ್ಟ್ ಅರ್ಜಿಗೆ ಮೊದಲ ಹೆಸರೇ ಮಸ್ಕಿಯ ಪ್ರತಾಪಗೌಡ ಪಾಟೀಲರದು. 2021ರ ಉಪಚುನಾವಣಾದಾಗ ದೊಡ್ಡ ಅಂತರದಿಂದ ಸೋತ್ರು. ಮಸ್ಕಿ ಅಂದ್ರ ದೂರ ಏನಿಲ್ಲ, ನಮ್ಮ ಸುರಪುರದಿಂದ ಕೃಷ್ಣಾ ದಾಟಿದ್ರ ರಾಯಚೂರು ಜಿಲ್ಲಾ.

ಹಿರಿಯರು: ದೇವದುರ್ಗನೂ ಕೃಷ್ಣಾದ ಆಚೆ ದಂಡಿಗೇ ಅದ. 2008ರಾಗ ಅಲ್ಲಿ ಜೆಡಿಎಸ್‌ನಿಂದ ಗೆದ್ದವರು ರಾಜೀನಾಮೆ ಕೊಟ್ಟು, ಡಿಸೆಂಬರ್‌ದಾಗ ಬಿಜೆಪಿಯಿಂದ ನಿಂತು ಗೆದ್ರು. ಹೊಳಿ ಒಂದೇ, ದಂಡಿ ಒಂದೇ. ಓಟಿನ ಲೆಕ್ಕದಾಗ ಪತ್ರದ ಭಾಷೆ ತೂಗ್ಲಾಕ ಹೋಗಬ್ಯಾಡ, ನಿನಗೂ ದಕ್ಕಂಗಿಲ್ಲ, ನನಗೂ ದಕ್ಕಂಗಿಲ್ಲ.

ವರದಿಗಾರ್ತಿ: ಆತು, ಬಿಡ್ರಿ. ನಮ್ಮ ಜಿಲ್ಲಾದ್ದೇ ಹೇಳ್ತೀನಿ. ವಿಧಾನ ಪರಿಷತ್ತಿನ ಒಂದು ಕುರ್ಚಿ. 2022ರ ಮಾರ್ಚ್‌ದಾಗ ಸಿ.ಎಂ. ಇಬ್ರಾಹಿಂ ಅದನ್ನ ಬಿಟ್ರು. ವಿರೋಧ ಪಕ್ಷದ ನಾಯಕನ ಸ್ಥಾನ ಬಿ.ಕೆ. ಹರಿಪ್ರಸಾದ್ ಅವರಿಗೆ ಹೋಗಿತ್ತು, ಅದರ ಸಿಟ್ಟು. ಅದೇ ಕುರ್ಚಿಗೆ ಆಗಸ್ಟ್‌ದಾಗ ಗುರುಮಠಕಲ್‌ನ ಬಾಬುರಾವ ಚಿಂಚನಸೂರು ಅವಿರೋಧ ಆಯ್ಕೆ ಆದ್ರು, ಬಿಜೆಪಿಯಿಂದ. 2023ರ ಮಾರ್ಚ್‌ದಾಗ ಅವರೂ ಬಿಟ್ರು, ಕಾಂಗ್ರೆಸ್ಸಿಗೆ ವಾಪಸ್ ಹೋದ್ರು. ಒಂದೇ ಕುರ್ಚಿ, ಒಂದು ವರ್ಷದಾಗ ಎರಡು ರಾಜೀನಾಮೆ. ಒಬ್ಬರು ಕಾಂಗ್ರೆಸ್ಸಿನ ಮ್ಯಾಲ ಮುನಿಸ್ಕೊಂಡು ಹೋದ್ರು, ಒಬ್ಬರು ಕಾಂಗ್ರೆಸ್ಸಿಗೇ ಬಂದ್ರು. ಸಭಾಪತಿಗೆ ಕೊಡೋ ಪತ್ರದ ಮಟ್ಟಿಗೆ ಇಬ್ಬರದೂ ಒಂದೇ ಕೆಲಸ, ಸ್ಥಾನ ಬಿಡೋದು. ನಿಮ್ಮ ಕೀಲಿ ಕೊಡೋ ಭಾಷೆ ಇಬ್ಬರಿಗೂ ಹೊಂದ್ತದ. ಎದುರಾಬದುರಾ ಇರೋ ಎರಡು ವಿರೋಧನ್ನ ಗುರುತಿಸ್ಲಾಕ ಬರಲಾರದ ಭಾಷೆ ಇದ್ದರೇನು, ಬಿಟ್ಟರೇನು?

ಹಿರಿಯರು: ಎರಡು ಪತ್ರ ಇರ್ತಾವವ್ವ ಯಾವಾಗಲೂ. ಒಂದು ಸಭಾಪತಿಗೆ, ಒಂದು ಪಕ್ಷದ ಅಧ್ಯಕ್ಷರಿಗೆ. ಮೊದಲನೇದು ಮೂಕ. ಎರಡನೇದ್ರಾಗ ಬೇಕಾದಷ್ಟು ಮಾತಾಡ್ಲಿ. ಗುಲಾಂ ನಬಿ ಆಜಾದ್ 2022ರ ಆಗಸ್ಟ್‌ದಾಗ ಸೋನಿಯಾ ಗಾಂಧಿಯವರಿಗೆ ಬರ್ದ್ರಲ್ಲ, ಐದು ಪುಟ. ಅದನ್ನ ನಾ ಕಸುಬಿನ ಕಣ್ಣಿನ್ಯಾಗ ಓದೀನಿ. ಮೊದಲು ಸೇವಾದ ಪಟ್ಟಿ, ಎಪ್ಪತ್ತರ ದಶಕದಿಂದ. ಆಮ್ಯಾಲ ಹಿರಿಯರ ಹೊಗಳಿಕಿ. ಅದಾದ ಮ್ಯಾಲ ಸಿಟ್ಟು. ನಮ್ಮ ಬೂತ್ ಕಾರ್ಯಕರ್ತಗೂ ನಾ ಬರ್ದು ಕೊಡೋದು ಅದೇ ಕ್ರಮದಾಗ. "22 ವರ್ಷ ದುಡಿದಿದ್ದು" ಅಂತ ಮೊದಲು ಹೇಳ್ದೇ ಯಾರೂ ವಿರೋಧ ಮಾಡಂಗಿಲ್ಲ. ವಿರೋಧ ಮಾಡೋ ಹಕ್ಕು ದುಡಿದವಗೇ ಬರ್ತದ ಅಂತ ನಮ್ಮ ಮಂದಿ ಲೆಕ್ಕ.

ವರದಿಗಾರ್ತಿ: ನೋಡ್ರಿ, ಅದು ಪತ್ರ. ಹೆಸರು ಅದ, ವರ್ಷ ಅದ, ಯಾವ ಸಭಾ, ಯಾವ ನಿರ್ಧಾರ ಎಲ್ಲ ಅದ. ಅದಕ್ಕ ಉತ್ತರ ಕೊಡ್ಲಾಕ ಬರ್ತದ.

ಹಿರಿಯರು: ಕೊಟ್ರೇನು ಉತ್ತರ? ಐದು ಪುಟದಾಗ ನಿಮ್ಮ ಪೇಪರಿನವರು ಎತ್ಕೊಂಡಿದ್ದು "ರಿಮೋಟ್ ಕಂಟ್ರೋಲ್" ಅನ್ನೋ ಎರಡು ಶಬ್ದ. ಉಳಿದಿದ್ದು ರದ್ದಿಗೆ. ಉದ್ದ ಬರ್ದಷ್ಟೂ ಒಂದು ಬೈಗುಳ ಆರಿಸ್ಕೊಳ್ಲಾಕ ನಿಮಗ ಅನುಕೂಲ.

ವರದಿಗಾರ್ತಿ: ಸಣ್ಣ ಬರ್ದ್ರ ಇನ್ನೂ ಅಧ್ವಾನ. 2025ರ ಜುಲೈ 21ಕ್ಕ ಉಪರಾಷ್ಟ್ರಪತಿ ಧನಕರ್ ರಾಜೀನಾಮೆ ಕೊಟ್ರು. ಆರೋಗ್ಯದ ಕಾರಣ, ವೈದ್ಯರ ಸಲಹೆ, ರಾಷ್ಟ್ರಪತಿಗೆ ಧನ್ಯವಾದ, ಪ್ರಧಾನಿಗೆ ಧನ್ಯವಾದ. ಪತ್ರದಾಗ ವಿರೋಧದ ವಾಸನಿ ಕೂಡ ಇಲ್ಲ. ಆ ರಾತ್ರಿಯಿಂದ ದೇಶದ ತುಂಬ ಒಂದೇ ಪ್ರಶ್ನಾ, ಖರೆ ಕಾರಣ ಏನು ಅಂತ. ಕಾರಣ ಬರೀಲಿಲ್ಲ ಅಂದ್ರ ಆ ಜಾಗಾ ಖಾಲಿ ಇರಂಗಿಲ್ಲ ಕಾಕಾ, ಬಂದವರೆಲ್ಲ ತಮ್ಮ ತಮ್ಮ ಕಾರಣ ತಂದು ತುಂಬ್ತಾರ.

ಹಿರಿಯರು: ಆರೋಗ್ಯದ ಕಾರಣ ಅಂತ ಬರ್ದವರಿಗೆ ಆರೋಗ್ಯನೇ ಕೆಟ್ಟಿದ್ರ?

ವರದಿಗಾರ್ತಿ: ಇರಬಹುದು. ಅದನ್ನೂ ಯಾರೂ ನಂಬಲಾರದಂಗ ಆಗ್ಯಾದ ಅಂತಾನೇ ನಾ ಹೇಳೋದು. ಖರೆ ಜ್ವರ ಬಂದವನ ಪತ್ರನೂ ಸುಳ್ಳ ಅನಸ್ತದ.

ಈ ಮಾತಿಗೆ ಹಿರಿಯರು ಉತ್ತರ ಕೊಡಲಿಲ್ಲ.

ವರದಿಗಾರ್ತಿ: ಅಂಬೇಡ್ಕರ್ ನೋಡ್ರಿ. ನಿಮ್ಮ ಟೇಬಲ್ ಮ್ಯಾಲ ಅವರ ಫೋಟೋ ಅದ. 1951ರಾಗ ಕಾನೂನು ಮಂತ್ರಿ ಸ್ಥಾನ ಬಿಟ್ಟಾಗ ಅವರು "ವೈಯಕ್ತಿಕ ಕಾರಣ" ಅಂದ್ರೇನು? ಪರಿಶಿಷ್ಟ ಜಾತಿಯವರ ಬಗ್ಗೆ ಸರ್ಕಾರದ ಉದಾಸೀನ, ವಿದೇಶಾಂಗ ನೀತಿ, ಹಿಂದೂ ಸಂಹಿತೆ ಮಸೂದೆ ಕೈಬಿಟ್ಟಿದ್ದು, ತಮಗ ಬೇಕಾದ ಖಾತೆ ಕೊಡಲಿಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ. ಒಂದೊಂದನ್ನೂ ಬಿಡಿಸಿ ಹೇಳಿದ್ರು.

ಹಿರಿಯರು: ಅದನ್ನ ಪತ್ರದಾಗ ಹೇಳಲಿಲ್ಲ. ಸೆಪ್ಟೆಂಬರ್ 27ಕ್ಕ ನೆಹರೂಗೆ ಕೊಟ್ಟ ಪತ್ರ ಸಣ್ಣದು. ನೀ ಹೇಳ್ಲಾಕತ್ತಿದ್ದೆಲ್ಲ ಅಕ್ಟೋಬರ್‌ದ ಹೇಳಿಕಿಯೊಳಗಿನ ಮಾತು. ಅಷ್ಟು ದೊಡ್ಡ ಮನುಷ್ಯನೂ ಪತ್ರ ಬ್ಯಾರೆ, ಹೇಳಿಕಿ ಬ್ಯಾರೆ ಅಂತ ಇಟ್ಕೊಂಡ. ನಾ ಮುಂಜಾನಿಂದ ಹೇಳ್ಲಾಕತ್ತಿದ್ದು ಏನು?

ವರದಿಗಾರ್ತಿ: ಪೂರಾ ಹೇಳ್ರಿ ಮತ್ತ. ಆ ಹೇಳಿಕಿ ಸದನದಾಗ ಓದ್ಲಾಕ ಹೋದ್ರ ಮೊದಲು ಪ್ರತಿ ಕೊಡ್ರಿ, ನೋಡ್ತೀವಿ ಅಂತ ಡೆಪ್ಯುಟಿ ಸ್ಪೀಕರ್ ಕೇಳಿದ್ರು. ಬಾಬಾಸಾಹೇಬ್ರು ಸದನ ಬಿಟ್ಟು ಹೊರಗ ನಡೆದ್ರು, ಪತ್ರಿಕೆಯವರಿಗೆ ಕೊಟ್ರು. ಮೂಕ ಪತ್ರ ಸಲೀಸಾಗಿ ಒಳಗ ಹೋಯ್ತು, ಮಾತಾಡೋ ಪತ್ರಕ್ಕ ಬಾಗಿಲಾಗೇ ತಡೆ. ಇವತ್ತು ನಾವು ಓದೋದು ಯಾವುದನ್ನ? ಆ ಸಣ್ಣ ಪತ್ರನೋ, ಹೇಳಿಕಿನೋ?

ಹಿರಿಯರು: ಹೇಳಿಕಿ.

ವರದಿಗಾರ್ತಿ: ಹಾಂ.

ಹಿರಿಯರು: ಹಾಂ ಅನ್ನಬ್ಯಾಡ. ಅಂಬೇಡ್ಕರ್ ಬರೀಬಲ್ಲವರಿದ್ರು. ನನ್ನ ಹತ್ರ ಬರೋರು ಬರೀಲಾರದವರು, ಬರ್ದ್ರ ಸಿಕ್ಕಿ ಬೀಳೋರು. ಅವರಿಗೆ ಯಾವ ಭಾಷೆ ಕೊಡ್ತಿ? ಒಂದು ಸಂಗತಿ ಹೇಳ್ತೀನಿ, ಊರು ಕೇಳಬ್ಯಾಡ. ಒಬ್ಬಾಕಿ ಗ್ರಾಮ ಪಂಚಾಯಿತಿ ಅಧ್ಯಕ್ಷಿ. 30 ತಿಂಗಳ ಅವಧಿ, ಹದಿನೈದು ನಿಂದು ಹದಿನೈದು ನಂದು ಅಂತ ಗಂಡಸರು ಕೂತು ಹಂಚ್ಕೊಂಡಾರ. ಅಕಿ ಆಯ್ಕೆ ಆದ ದಿನಾನೇ ತಾರೀಕಿಲ್ಲದ ರಾಜೀನಾಮೆಗೆ ಸಹಿ ಹಾಕಿಸ್ಕೊಂಡಾರ. "ವೈಯಕ್ತಿಕ ಕಾರಣಗಳಿಂದ" ಅಂತ ಒಕ್ಕಣಿ. ತಿಂಗಳು ಮುಗಿದ ಮ್ಯಾಲ ತಾರೀಕು ತುಂಬಿ ಉಪವಿಭಾಗಾಧಿಕಾರಿಗೆ ಕೊಟ್ರು. ಅಕಿ ಇಲ್ಲಿಗೆ ಬಂದ್ಳು. ಮಗಳನ್ನ ಕರ್ಕೊಂಡು ಬಂದಿದ್ಳು. ನೀರಿನ ಕೆಲಸದ ಬಿಲ್ಲಿಗೆ ಸಹಿ ಹಾಕ್ಲಿಲ್ಲ, ಅದಕ್ಕ ಇಳಿಸ್ಲಾಕತ್ಯಾರ, ಹಂಗಂತ ಬರ್ದು ಕೊಡ್ರಿ ಅಂದ್ಳು.

ವರದಿಗಾರ್ತಿ: ಬರ್ದು ಕೊಟ್ರೇನು?

ಹಿರಿಯರು: ಇಲ್ಲ. ಅಧ್ಯಕ್ಷರ ರಾಜೀನಾಮೆ ಕೊಟ್ಟ ದಿನಾನೇ ಜಾರಿಗೆ ಬರಂಗಿಲ್ಲ. ಹತ್ತು ದಿನ ಇರ್ತದ, ಅಷ್ಟರೊಳಗ ವಾಪಸ್ ತಗೋಬಹುದು. ಪಂಚಾಯತ್ ರಾಜ್ ಕಾಯ್ದೆ. ನಾ ಒಂದೇ ಸಾಲು ಬರ್ದೆ. "ಸದರಿ ರಾಜೀನಾಮೆಯನ್ನು ಈ ಮೂಲಕ ಹಿಂಪಡೆದಿರುತ್ತೇನೆ." ಕೆಳಗ ಸಹಿ, ತಾರೀಕು ಅಕಿ ಕೈಲೇ. ಯಾರನ್ನೂ ಬೈಲಿಲ್ಲ, ಬಿಲ್ಲಿನ ಸುದ್ದಿ ಎತ್ತಲಿಲ್ಲ. ಬಿಲ್ಲಿನ ಸುದ್ದಿ ಬರ್ದಿದ್ರ ತನಿಖೆ ಅಂತಿದ್ರು, ವಿಚಾರಣಾ ಅಂತಿದ್ರು, ಹತ್ತು ದಿನ ಅದರಾಗೇ ಹೋಗ್ತಿತ್ತು. ಅಕಿ ಕುರ್ಚಿ ಉಳೀತು. ಇಡೀ ಸರ್ವಿಸ್‌ದಾಗ ನಾ ಬರ್ದ ಗಟ್ಟಿ ವಿರೋಧ ಅದು. ಅದರಾಗ ವಿರೋಧದ ಒಂದು ಅಕ್ಷರ ಇಲ್ಲ.

ವರದಿಗಾರ್ತಿ: ಕುರ್ಚಿ ಉಳೀತು. ಬಿಲ್ಲು?

ಹಿರಿಯರು: ಬಿಲ್ಲು ಆಮ್ಯಾಲ ಏನಾಯ್ತೋ, ನಾ ಕೇಳಲಿಲ್ಲ.

ವರದಿಗಾರ್ತಿ: ಅಂದ್ರ ನೀರಿನ ಕೆಲಸದಾಗ ಏನು ನಡದಿತ್ತು ಅಂತ ಊರಿಗೆ ಗೊತ್ತಾಗಲಿಲ್ಲ. ಅಕಿ ಬರೀರಿ ಅಂದಿದ್ದು ಬರ್ದಿದ್ರ ಕುರ್ಚಿ ಹೋಗ್ತಿತ್ತೇನೋ, ಸುದ್ದಿ ಉಳೀತಿತ್ತು.

ಹಿರಿಯರು: ಸುದ್ದಿ ನಿನಗ ಉಳೀತಿತ್ತು. ಕುರ್ಚಿ ಅಕಿಗೆ ಉಳೀತು. ಅಕಿ ನನ್ನ ಗಿರಾಕಿ, ನೀ ಅಲ್ಲ.

ಇಬ್ಬರೂ ನಕ್ಕರು. ಆದರೆ ಆಕೆಯ ಪ್ರಶ್ನೆ ಅಲ್ಲೇ ಉಳಿಯಿತು. ಕೇಳುತ್ತ ಕೂತಿದ್ದ ನನಗೆ ಅವರಿಬ್ಬರಲ್ಲಿ ಯಾರ ಕಡೆ ವಾಲಬೇಕೆಂದು ತಿಳಿಯದ ಒಂದೇ ಘಟ್ಟ ಇದು. ಉಳಿದೆಡೆ ನಾನು ಹುಡುಗಿಯ ಪಕ್ಷ.

ಹಿರಿಯರು: ನಿಮ್ಮ ಸುರಪುರದವರಿಗೆ ಇದು ಗೊತ್ತಿರಬೇಕಿತ್ತು. 1705ರಾಗ ಔರಂಗಜೇಬ ವಾಗಣಗೇರಾಕ್ಕ ಮುತ್ತಿಗಿ ಹಾಕಿದಾಗ ಪಿಡ್ಡ ನಾಯಕ ಏನು ಮಾಡಿದ? ಸಂಧಿ ಮಾತು ಆಡ್ಕೋತ ಆಡ್ಕೋತ ದಿನ ತಳ್ಳಿದ, ಕಡೀಗೆ ರಾತ್ರೋರಾತ್ರಿ ಕೋಟಿ ಖಾಲಿ ಮಾಡಿ ಹೋದ. ಬಾದಶಹನಿಗೆ ಸಿಕ್ಕಿದ್ದು ಬರೇ ಗ್ವಾಡಿ.

ವರದಿಗಾರ್ತಿ: ಅದೇ ಮನಿತನದ ವೆಂಕಟಪ್ಪ ನಾಯಕ 1858ರಾಗ ಇಂಗ್ಲಿಷರ ಮ್ಯಾಲ ನೇರ ತಿರುಗಿ ಬಿದ್ದ. ನಮ್ಮೂರಾಗ ಎರಡೂ ನಡದಾವ. ಮಂದಿ ಹಾಡು ಕಟ್ಟಿದ್ದು, ನಾಟಕ ಆಡಿದ್ದು ಯಾರ ಮ್ಯಾಲ ಅಂತ ಹೇಳ್ಬೇಕೇನು?

ಹಿರಿಯರು: ಸಂಸ್ಥಾನ ಹೋಗಿದ್ದೂ ಅದೇ ವರ್ಷ ಅಂತ ಸೇರ್ಸಿ ಹೇಳು.

ವರದಿಗಾರ್ತಿ: ಸೇರ್ಸಿದ್ನಿ. ಈಗ ನನ್ನದೊಂದು ಮಾತಿಗೆ ಒಪ್ಪರಿ. ಸ್ಪೀಕರ್‌ಗೆ ಒಂದು ಸಾಲು, ಅದು ನಿಯಮ, ಇರ್ಲಿ. ಪಕ್ಷಕ್ಕ ಒಂದು ಪತ್ರ, ಅದರಾಗ "ಮನನೊಂದು", "ಉಸಿರುಗಟ್ಟುವ ವಾತಾವರಣ" ಏನಾರ ಬರ್ಕೊಳ್ಳಲಿ. ಮೂರನೇದೊಂದು ಪತ್ರ ಯಾಕ ಇರಬಾರದು, ಓಟು ಹಾಕಿದವರಿಗೆ? ಯಾವ ದಿನ ಯಾರನ್ನ ಏನು ಕೇಳಿದೆ, ಏನಂದ್ರು, ಅದಕ್ಕ ಬಿಟ್ಟೀನಿ. ನಾಲ್ಕು ಸಾಲು. ಆಡು ಮಾತಿನ್ಯಾಗ. "ಲಾಗಿದೆ" ಇಲ್ಲದಂಗ.

ಹಿರಿಯರು: ಲಾಲ್ ಬಹದ್ದೂರ್ ಶಾಸ್ತ್ರಿ ಕಾಲ ಅಲ್ಲವ್ವ ಇದು. 1956ರಾಗ ಮೆಹಬೂಬನಗರದ ಹತ್ರ ರೈಲು ಬಿದ್ದಾಗ ರಾಜೀನಾಮೆ ಕೊಟ್ರು, ನೆಹರೂ ಒಪ್ಪಲಿಲ್ಲ. ಮೂರು ತಿಂಗಳೊಳಗ ಅರಿಯಲೂರಿನ್ಯಾಗ ಮತ್ತ ಬಿತ್ತು, ಮತ್ತ ಕೊಟ್ರು, ಒಪ್ಪಿದ್ರು. ಯಾಕ ಬಿಟ್ರು ಅಂತ ಯಾರೂ ಕೇಳಬೇಕಾಗಿದ್ದಿಲ್ಲ. ಈಗಿನವರ ಮೂರನೇ ಪತ್ರ ನಂಬೋರು ಯಾರು? ಅದನ್ನೂ ನನ್ನಂಥವನೇ ಬರ್ದು ಕೊಡ್ತಾನ. ಆಡು ಮಾತಿನ್ಯಾಗ ಬರೀರಿ ಅಂದ್ರ ಆಡು ಮಾತಿನ್ಯಾಗೇ ಸುಳ್ಳ ಬರೀತೀನಿ. ಅದಕ್ಕ ಸ್ವಲ್ಪ ಹೆಚ್ಚಿಗಿ ಚಾರ್ಜ್ ಆಗ್ತದ, ಅಷ್ಟೇ.

ವರದಿಗಾರ್ತಿ: ಸುಳ್ಳ ಬರ್ದ್ರ ಹಿಡೀಲಾಕ ಬರ್ತದ. ದಿನ ಬರ್ದಿರ್ತೀರಿ, ಹೆಸರು ಬರ್ದಿರ್ತೀರಿ. "ಕಡೆಗಣಿಸಲಾಗಿದೆ" ಅನ್ನೋದನ್ನ ಹಿಡೀಲಾಕನೇ ಬರಂಗಿಲ್ಲ.

ಹಿರಿಯರು: ಆ ಮಾತು ಮಾತ್ರ ಒಪ್ತೀನಿ. ಅದಕ್ಕೇ ಅದನ್ನ ಬರ್ಸ್ಕೊಳ್ಲಾಕ ಅಷ್ಟು ಮಂದಿ ಬರೋದು.

ಕಚೇರಿಯ ಊಟದ ಬಿಡುವು ಮುಗಿದಿತ್ತು. ವಡಗೇರಾ ಕಡೆಯ ಇಬ್ಬರು ಬೆಳೆ ಪರಿಹಾರದ ಅರ್ಜಿಗೆ ಕಾದು ನಿಂತಿದ್ದರು. ಜೆರಾಕ್ಸ್ ಪ್ರತಿ ಮಡಚಿಟ್ಟುಕೊಳ್ಳುವಾಗ ಆಕೆ, ಆ ಕುರ್ಚಿ ಸಾಲನ್ನು ಹೆಸರಿಲ್ಲದೆ ಪತ್ರಿಕೆಗೆ ಬರೆಯಲೇ ಎಂದು ಕೇಳಿದಳು. ಅದು ಅಂವನ ಮಾತು, ಅಂವನ್ನ ಕೇಳು ಎಂದರು ಹಿರಿಯರು.

ಮುಂದಿನ ಚುನಾವಣೆ ಹೊತ್ತಿಗೆ ಈ ಜಿಲ್ಲೆಯ ನಾಲ್ಕು ಕ್ಷೇತ್ರಗಳಲ್ಲಿ ಇಂಥ ಪತ್ರಗಳು ಮತ್ತೆ ಬರುತ್ತವೆ. ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್‌ನ ಓದುಗರಲ್ಲಿ ಒಂದು ವಿನಂತಿ: ಸ್ಥಾನ ಬಿಟ್ಟವರು ಮತ್ತೆ ಓಟು ಕೇಳಲು ಮನೆ ಬಾಗಿಲಿಗೆ ಬಂದಾಗ, ಸ್ಪೀಕರ್‌ಗೆ ಬರೆಯದೆ ಬಿಟ್ಟ ಕಾರಣವನ್ನು ಹೆಸರು, ತಾರೀಕು ಸಹಿತ ಕೇಳಿ. ಮತದಾರರಿಗೆ ಕಾರಣ ಹೇಳಬಾರದೆಂದು ನಿಯಮ 202ರಲ್ಲಿ ಎಲ್ಲಿಯೂ ಇಲ್ಲ.